ಬಲಗೆನ್ನೆ

ಜನವರಿ 9

ಬಲಗೆನ್ನೆಗೆ ದಿನಕ್ಕೆ ಎಷ್ಟು ಸಲ ಹೊಡೆಯುತ್ತದೆ, ಏನು ಮಾಡಿದಾಗ ಹೊಡೆಯುತ್ತದೆ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ ಎಂದು ನರೀನ್ ಪಟ್ಟಣದ ನರರೋಗದ ಡಾಕ್ಟರಮ್ಮ ಹೋದ ವರ್ಷವೇ ಹೇಳಿದ್ದಳು. ಆರು ವರ್ಷದಿಂದ ತಿನ್ನುತ್ತಿರುವ ಪೆಟ್ಟನ್ನು ಬರೆದು ಏನು ಮಾಡುವುದು ಎಂದು ಬಿಟ್ಟಿದ್ದೆ. ಇವತ್ತು ನಾನು ಪಾಠ ಹೇಳುತ್ತಿದ್ದ ಕಾಲದ ಒಂದು ಖಾಲಿ ನೋಟುಪುಸ್ತಕ ಹುಡುಕಿಕೊಂಡು ಕೂತಿದ್ದೇನೆ. ಮಾತಾಡಲು ಆಗುತ್ತಿಲ್ಲ, ಅದಕ್ಕೆ.

ನಿನ್ನೆ ತೀರಿಕೊಂಡ ನಮ್ಮ ಭಾವನವರ ವರ್ಷದ ತಿಥಿಯ ಊಟ. ಕುದುರೆ, ಕುರಿ ಎರಡನ್ನೂ ಕಡಿದಿದ್ದರು, ಊರಿಗೆ ಊರೇ ಸೇರಿತ್ತು. ಹಿರಿಯ ಹೆಂಗಸೆಂದು ನನ್ನ ತಟ್ಟೆಗೆ ಕುರಿಯ ಸೊಂಟದ ತುಂಡು ಬಂತು. ಮೂರು ವಾರದಿಂದ ಕೆನ್ನೆ ಸುಮ್ಮನಿತ್ತು. ಆರು ವರ್ಷ ಎಡಗಡೆಯಲ್ಲೇ ಅಗಿದು ಬೇಸತ್ತಿದ್ದೆ, ದುರಾಸೆ ಬಂತು. ಒಂದೇ ಒಂದು ತುತ್ತನ್ನು ಬಲಕ್ಕೆ ದಾಟಿಸಿದೆ. ಮಾಂಸದೊಳಗೆ ಮೂಳೆಯ ಚೂರಿತ್ತು. ಟಕ್ ಎಂದದ್ದು ನನಗೆ ಕಿವಿಯ ಒಳಗಿನಿಂದ ಕೇಳಿಸಿತು. ಕೆಳದವಡೆಯ ಹಲ್ಲು ಸೀಳಿ, ಅರ್ಧ ತುಂಡು ನಾಲಿಗೆಯ ಮೇಲೆ ಬಂದು ಕೂತಿತು. ಅದರ ಬೆನ್ನಿಗೇ ಅದು ಬಂತು.

ಅದು ಎಂದರೆ ಅದು. ಬೇರೆ ಹೆಸರಿಟ್ಟಿಲ್ಲ. ಕಿವಿಯ ಮುಂದಿನಿಂದ ದವಡೆಯ ತುದಿಯವರೆಗೆ ಕಾದ ತಂತಿ ಎಳೆದು ಕರೆಂಟು ಬಿಟ್ಟ ಹಾಗೆ, ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಹೋಗುತ್ತದೆ, ಮತ್ತೆ ಬರುತ್ತದೆ. ಗಾಳಿ ತಾಗಿದರೆ ಸಾಕು, ಒಂದು ಕೂದಲೆಳೆ ಕೆನ್ನೆಗೆ ಬಿದ್ದರೆ ಸಾಕು. ನಿನ್ನೆ ಪಂಕ್ತಿಯಲ್ಲಿ ಕೂತಲ್ಲೇ ಹನ್ನೊಂದು ಸಲ ಹೊಡೆಯಿತು. ಎದುರಿಗಿದ್ದವರು ಅಗಿಯುವುದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಸೊಸೆ ಐಜಿರೆಕ್ ಕೈಯಲ್ಲಿದ್ದ ಪಾತ್ರೆ ಬಿಟ್ಟು ಓಡಿ ಬಂದಳು. ನನ್ನನ್ನು ಎಬ್ಬಿಸಿ, ಗಾಳಿ ಬೀಸುವ ಕಡೆಗೆ ತಾನು ನಿಂತು, ತನ್ನ ಮೈಯನ್ನೇ ಗೋಡೆ ಮಾಡಿಕೊಂಡು ಮನೆಯವರೆಗೆ ನಡೆಸಿಕೊಂಡು ಬಂದಳು. ಇಪ್ಪತ್ತೆರಡರ ಹುಡುಗಿ. ಈ ಮನೆಗೆ ಬಂದು ಒಂದು ವರ್ಷ ಎರಡು ತಿಂಗಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳಿದ್ದರೂ ಇಷ್ಟು ಮಾಡುತ್ತಿರಲಿಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ, ಬಾಯಲ್ಲಿ ಹೇಳಿದರೆ ಅವಳ ತಲೆಗೇರುತ್ತದೆ.

ಜನವರಿ 10

ಇಪ್ಪತ್ತಾರು ಸಲ.

ಹಲ್ಲುಕಚ್ಚಿ ಸಹಿಸಿಕೋ ಎಂದರು ನಮ್ಮವರು. ನನ್ನಿಂದ ಆಗದಿರುವುದು ಅದೊಂದೇ ಎಂದು ಅವರಿಗೆ ಹೊಳೆಯಲಿಲ್ಲ. ಚಹಾ ಬಗ್ಗಿಸುತ್ತಿದ್ದ ಐಜಿರೆಕ್‌ಗೆ ಹೊಳೆಯಿತು, ನಕ್ಕುಬಿಟ್ಟಳು. ನನಗೂ ನಗು ಬಂತು. ನಕ್ಕದ್ದಕ್ಕೆ ಮೂರು ಸಲ ಹೊಡೆಯಿತು. ಆದರೂ ನಕ್ಕೆ.

ಜನವರಿ 13

ನಮ್ಮೂರಿನ ಹಲ್ಲಿನ ಡಾಕ್ಟರ್ ಬೆಕ್ತುರ್ ನನ್ನ ಹಳೆಯ ವಿದ್ಯಾರ್ಥಿ. ಏಳನೇ ತರಗತಿಯ ಭೂಗೋಳ ಪರೀಕ್ಷೆಯಲ್ಲಿ ಕ್ಯಾಸ್ಪಿಯನ್ ಸಮುದ್ರವನ್ನು ಆಫ್ರಿಕಾದಲ್ಲಿ ತೋರಿಸಿದವನು. ಕನ್ನಡಿಯನ್ನು ಬಾಯಿಯೊಳಗೆ ಇಡದೆ ಹೊರಗಿನಿಂದಲೇ ಹಿಡಿದು ಇಣುಕಿದ. ಅವನ ಹೆದರಿಕೆ ನನಗೆ ಗೊತ್ತು. ಆರು ವರ್ಷದ ಹಿಂದೆ, ಇದು ನರದ ಬೇನೆ ಎಂದು ಯಾರಿಗೂ ತಿಳಿಯದಿದ್ದಾಗ, ಇದೇ ಕುರ್ಚಿಯಲ್ಲಿ ಅವನಿಗಿಂತ ಮೊದಲಿದ್ದ ಡಾಕ್ಟರ್ ನನ್ನ ಮೇಲ್ದವಡೆಯ ಎರಡು ಗಟ್ಟಿ ಹಲ್ಲುಗಳನ್ನು ಒಂದಾದಮೇಲೊಂದು ಕಿತ್ತುಹಾಕಿದ್ದ. ನೋವು ಹೋಗಲಿಲ್ಲ, ಹಲ್ಲು ಹೋದವು. ಊರಿಗೆಲ್ಲ ಗೊತ್ತಿರುವ ಕಥೆ ಅದು.

"ಟೀಚರ್, ಹಲ್ಲು ಮುರಿದಿರೋದು ನಿಜ. ಆದ್ರೆ ನೋವು ಹಲ್ಲಿಂದಲ್ಲ, ನಿಮ್ಮ ನರದ್ದು. ನಾನು ಸೂಜಿ ಹಾಕಿದ್ರೆ ನೀವು ಈ ಕುರ್ಚೀಲೇ ಹೋಗ್ಬಿಡ್ತೀರ, ಆಮೇಲೆ ನಾನು ಈ ಊರಲ್ಲಿ ಬದುಕೋ ಹಾಗಿಲ್ಲ."

ಎರಡು ನೋವಿದೆಯಪ್ಪ ಎಂದು ಅರ್ಧ ಬಾಯಲ್ಲಿ ಬಿಡಿಸಿ ಹೇಳಿದೆ. ನರದ್ದು ಹೊಡೆದು ಓಡಿಹೋಗುತ್ತದೆ. ಹಲ್ಲಿನದು ಹಾಗಲ್ಲ, ನಾಡಿಯ ಜೊತೆಗೆ ಬಡಿಯುತ್ತದೆ, ಬಿಸಿ ಚಹಾ ತಾಗಿದರೆ ಏಳುತ್ತದೆ, ಎದ್ದದ್ದು ಕೂರುವುದಿಲ್ಲ. ಆರು ವರ್ಷ ಒಂದರ ಜೊತೆ ಬಾಳಿದವಳಿಗೆ ಇನ್ನೊಂದರ ಗುರುತು ಸಿಗುವುದಿಲ್ಲವೇ? ಅವನು ಒಪ್ಪದೆ ತಲೆಯಾಡಿಸಿದ. ನರದ ಡಾಕ್ಟರಿಂದ ಒಂದು ಚೀಟಿ ತನ್ನಿ, ಆಮೇಲೆ ನೋಡೋಣ ಎಂದ.

ಜನವರಿ 16

ನರೀನ್‌ಗೆ ಹೋಗಿ ಬಂದೆವು. ಕಾರಿನ ಕಿಟಕಿಯ ಸಂದಿಗೆ ಐಜಿರೆಕ್ ದಾರಿಯುದ್ದಕ್ಕೂ ಕಂಬಳಿಯ ಚೂರು ಒತ್ತಿ ಹಿಡಿದಿದ್ದಳು. ಡಾಕ್ಟರಮ್ಮ ನರದ ಮಾತ್ರೆಯನ್ನು ಎರಡರಿಂದ ನಾಲ್ಕಕ್ಕೆ ಏರಿಸಿದಳು. ಹಲ್ಲು ತನ್ನ ಕೆಲಸವಲ್ಲ ಎಂದಳು. ಚೀಟಿಯಲ್ಲಿ, ಹಲ್ಲಿನ ಚಿಕಿತ್ಸೆಯನ್ನು ಎಚ್ಚರಿಕೆಯಿಂದ ಮಾಡಬೇಕು ಎಂದು ಬರೆದುಕೊಟ್ಟಳು. ಬೆಕ್ತುರ್ ಅದನ್ನು ಎರಡು ಸಲ ಓದಿದ. ಎಚ್ಚರಿಕೆ ಅಂತ ಬರೆದಿದ್ದಾರೆ ಟೀಚರ್, ಮಾಡಿ ಅಂತ ಬರೆದಿಲ್ಲ ಎಂದ.

ಜನವರಿ 19

ನಾಲ್ಕು ಮಾತ್ರೆಗೆ ನೆಲ ಅತ್ತಿತ್ತ ಸರಿಯುತ್ತದೆ. ಪದಗಳು ಕೈಕೊಡುತ್ತವೆ. ಮೂರು ವರ್ಷದ ಹಿಂದೆ ಶಾಲೆ ಬಿಟ್ಟದ್ದೂ ಇದಕ್ಕೇ: ನಕಾಶೆಯ ಮುಂದೆ ನಿಂತು, ಕಿಟಕಿಯಾಚೆ ಕಾಣುತ್ತಿದ್ದ ನಮ್ಮ ಹೊಳೆಯ ಹೆಸರೇ ನೆನಪಾಗದೆ ಮಕ್ಕಳ ಮುಂದೆ ಬಾಯಿ ತೆರೆದುಕೊಂಡು ನಿಂತಿದ್ದೆ.

ಮುರಿದ ಹಲ್ಲಿನ ಅಂಚು ನಾಲಿಗೆಯನ್ನು ಕೊಯ್ಯುತ್ತಿದೆ. ಮಾತಾಡಿದರೆ ಕೊಯ್ಯುತ್ತದೆ, ಕೊಯ್ದರೆ ಹೊಡೆಯುತ್ತದೆ. ಆದ್ದರಿಂದ ಒಂದು ಉಪಾಯ ಮಾಡಿದ್ದೇನೆ. ಚಹಾ ಬಟ್ಟಲಿಗೆ ಚಮಚದಿಂದ ಒಂದು ಸಲ ಬಡಿದರೆ ಬಾ ಎಂದು. ಎರಡು ಸಲ ಬಡಿದರೆ ಬಾಗಿಲು ಮುಚ್ಚು. ಮೂರು ಸಲ ಬಡಿದರೆ ಸದ್ದು ನಿಲ್ಲಿಸು. ಐಜಿರೆಕ್ ಒಂದೇ ದಿನದಲ್ಲಿ ಕಲಿತಳು. ಸೊಸೆಯನ್ನು ಕುರಿನಾಯಿ ಥರ ಪಳಗಿಸಿದ್ದೀಯ ಎಂದು ನಮ್ಮವರು ಕುಹಕವಾಡಿದರು. ಒಲೆಯ ಪಕ್ಕ ಬೆಚ್ಚಗೆ ಕೂತವರಿಗೆ ಮಾತು ಸುಲಭ.

ಜನವರಿ 23

ಪಕ್ಕದ ಮನೆಯ ಶಾರ್ಕಾನ್ ಬಂದಿದ್ದಳು. ಅವಳ ಬಳಿ ಮೂರು ಲೋಕದ ಮದ್ದಿದೆ: ಕುರಿಬಾಲದ ಕೊಬ್ಬು, ವೋಡ್ಕಾದಲ್ಲಿ ನೆನೆಸಿದ ಉಪ್ಪು, ಯಾವುದೋ ಮುಲ್ಲಾನ ಉಗುಳು. ಎಲ್ಲ ಹೇಳಿ ಅಡುಗೆಮನೆಗೆ ಹೋಗಿ ಐಜಿರೆಕ್ ಜೊತೆ ನಗುತ್ತಾ ಕೂತಳು. ಏನು ನಗು, ಯಾಕೆ ನಗು, ನನಗೆ ಕೇಳಿಸಲಿಲ್ಲ. ನಗು ಬಂತು, ಅದರ ಹಿಂದೆ ನನಗೆ ಹೊಡೆತ ಬಂತು. ಇನ್ನೊಂದು ನಗು, ಇನ್ನೊಂದು ಹೊಡೆತ. ನಾನು ಎಣಿಸಿದ್ದೇನೆ, ಆರಕ್ಕೆ ಆರೂ ಹಾಗೆಯೇ.

ಸಂಜೆ ಅವಳ ಫೋನು. ದಿನವೂ ಕೊಚ್ಕೊರ್‌ನ ತನ್ನ ತವರಿಗೆ ಮಾತಾಡುತ್ತಾಳೆ. ಅವಳಪ್ಪ ಲಾರಿ ಓಡಿಸಿಕೊಂಡಿದ್ದ ಮನುಷ್ಯ, ಫೋನಿನಲ್ಲೂ ಇಂಜಿನ್ ಸದ್ದಿನ ಮೇಲೆ ಕೂಗಿದ ಹಾಗೆ ಮಾತಾಡುತ್ತಾನೆ, ಗೋಡೆಯಾಚೆಗೂ ಕೇಳಿಸುತ್ತದೆ. ಏನೋ ತಮಾಷೆ ಮಾಡುತ್ತಾನೆ, ಇವಳು ಕಿಲಕಿಲ ಎನ್ನುತ್ತಾಳೆ. ಬಟ್ಟಲು ಬಡಿದು ಕರೆದೆ. ಹಲ್ಲು ವಾಸಿಯಾಗುವವರೆಗೆ ಫೋನು ನನ್ನ ಬಳಿ ಇರಲಿ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಒಳ್ಳೆಯ ಮನೆಯ ಹುಡುಗಿ.

ಜನವರಿ 24

ಒಂಬತ್ತು ಸಲ ಮಾತ್ರ. ನಾನು ಹೇಳಲಿಲ್ಲವೇ?

ಜನವರಿ 31

ಮಗ ಎರ್ಕಿನ್ ಚಳಿಗಾಲದ ಕುರಿದೊಡ್ಡಿಯಿಂದ ಇಳಿದು ಬಂದಿದ್ದ. ಅಲ್ಲಿ ಫೋನು ಸಿಗುವುದಿಲ್ಲ, ಮೂರು ವಾರಕ್ಕೊಮ್ಮೆ ಬಂದಾಗಲೇ ಮಾತು. ಬಂದವನು ಹೆಂಡತಿಯ ತವರಿನ ಸುದ್ದಿ ಎತ್ತಿದ. ಮದುವೆಯಾದ ಮೇಲೆ ಗಂಡನ ಮನೆಯವರೇ ಉಡುಗೊರೆ ಕೊಟ್ಟು ಕಳಿಸುವವರೆಗೆ ಹೆಣ್ಣು ತವರಿನ ಹೊಸಿಲು ತುಳಿಯುವಂತಿಲ್ಲ. ಶರತ್ಕಾಲದಲ್ಲಿ ಕಳಿಸುತ್ತೇವೆ ಎಂದಿದ್ದೆವು. ಆಗ ನನ್ನ ಕೆನ್ನೆ ಕೆಟ್ಟಿತ್ತು. ಈಗ ಹಲ್ಲು. ಹಲ್ಲು ಕಿತ್ತ ಮೇಲೆ ಕಳಿಸೋಣ ಎಂದೆ. ಅವನು ಒಪ್ಪಿದ, ಅವನು ಯಾವತ್ತೂ ಒಪ್ಪುತ್ತಾನೆ.

ಹೊರಡುವಾಗ ಬೂಟು ಎಳೆದುಕೊಳ್ಳುತ್ತಾ ಕೇಳಿದ: "ಅಮ್ಮ, ಇವಳ್ಯಾಕೆ ಪಿಸುಪಿಸು ಅಂತಾಳೆ? ಗಂಟಲು ಕೆಟ್ಟಿದೆಯಾ?"

ನಾನು ಗಮನಿಸಿಯೇ ಇರಲಿಲ್ಲ. ನಿಜ, ಅವಳು ಈಗ ಪಿಸುಗುಟ್ಟಿಯೇ ಮಾತಾಡುತ್ತಾಳೆ. ಒಲೆಯ ಮುಚ್ಚಳವನ್ನು ಬಟ್ಟೆ ಸುತ್ತಿ ಇಡುತ್ತಾಳೆ, ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿ ನಡೆಯುತ್ತಾಳೆ. ಮನೆಯಲ್ಲಿ ಇದ್ದಾಳೋ ಇಲ್ಲವೋ ತಿಳಿಯುವುದಿಲ್ಲ. ಹಾಯೆನಿಸಿತು.

ಫೆಬ್ರವರಿ 4

ನಲವತ್ತರವರೆಗೆ ಎಣಿಸಿ ಬಿಟ್ಟೆ. ಅದರ ಮಧ್ಯೆ ಅವಳು ಕಬ್ಬಿಣದ ಸೌಟನ್ನು ಕೆಳಗೆ ಹಾಕಿದಳು. ನನ್ನ ಕೈಗೆ ಬಟ್ಟಲು ಸಿಕ್ಕಿತು. ಅವಳ ಮೊಣಕೈಗೆ ತಾಗಿತು. ಬಟ್ಟಲು ಒಡೆಯಲಿಲ್ಲ.

ಫೆಬ್ರವರಿ 6

ದವಡೆ ಊದಿ ಕುತ್ತಿಗೆಗೆ ಇಳಿದಿದೆ. ಬಾಯಿಯಲ್ಲಿ ಕೊಳೆತ ರುಚಿ. ಬೆಕ್ತುರ್ ಈ ಸಲ ಕನ್ನಡಿಯನ್ನು ಒಳಗೇ ಹಾಕಿದ. ಮುಖ ಬಿಳುಪೇರಿತು.

"ಟೀಚರ್, ಇದು ಹಲ್ಲೇ. ಕೀವು ತುಂಬಿದೆ."

ಇಪ್ಪತ್ತನಾಲ್ಕು ದಿನದ ಹಿಂದೆ ನಾನು ಹೇಳಿದ್ದನ್ನೇ ಅವನು ಈಗ ಕಂಡುಹಿಡಿದ. ತನ್ನಿಂದಾಗದು, ನರೀನ್‌ನಲ್ಲಿ ರೌಝಾ ಎಂಬ ಮುದುಕಿ ಡಾಕ್ಟರ್ ಇದ್ದಾರೆ, ಇಂಥದ್ದನ್ನೆಲ್ಲ ಅವರೇ ಮಾಡುವುದು ಎಂದು ಫೋನು ಮಾಡಿದ. ಊತ ಇಳಿಯಲು ಮಾತ್ರೆ ಕೊಟ್ಟ. ಹನ್ನೊಂದನೇ ತಾರೀಖು ಬರಹೇಳಿದ್ದಾರೆ. ಕೀಳುವಾಗ ತಲೆ ಕದಲಬಾರದು, ಗಟ್ಟಿಯಾಗಿ ಹಿಡಿದುಕೊಳ್ಳುವವರೊಬ್ಬರು ಬೇಕು, ಕೆನ್ನೆ ಮುಟ್ಟದೆ ಹಿಡಿಯಲು ತಿಳಿದವರೇ ಬೇಕು ಎಂದರಂತೆ. ಅಂಥವರು ಲೋಕದಲ್ಲಿ ಒಬ್ಬಳೇ.

ಫೆಬ್ರವರಿ 8

ಐಜಿರೆಕ್ ನೀರಿಗೆ ಹೋಗಿದ್ದಾಗ ನನ್ನ ಮೇಜಿನ ಡ್ರಾಯರಿನೊಳಗೆ ಅವಳ ಫೋನು ಹೊಡೆದುಕೊಂಡಿತು. ಅವಳಣ್ಣ. ಅಪ್ಪನಿಗೆ ಎದೆ ಹಿಡಿದುಕೊಂಡಿದೆ, ಆಸ್ಪತ್ರೆಯಿಂದ ಮನೆಗೆ ಕಳಿಸಿಬಿಟ್ಟಿದ್ದಾರೆ, ಐಜಿರೆಕ್ ಎಲ್ಲಿ ಎಂದು ಕೇಳುತ್ತಿದ್ದಾರೆ, ದಯವಿಟ್ಟು ಕಳಿಸಿಕೊಡಿ ಎಂದ. ಹೇಳುತ್ತೇನೆ ಎಂದೆ.

ಕೊಚ್ಕೊರ್‌ಗೆ ಮೂರು ಗಂಟೆಯ ದಾರಿ. ಹೇಳಿದರೆ ಇವತ್ತೇ ಹೋಗುತ್ತಾಳೆ. ಹೋದವಳು ಮೂರು ದಿನದಲ್ಲಿ ಬರುತ್ತಾಳೆಯೇ? ಅಪ್ಪನ ಕಾಲ ಹತ್ತಿರ ಕೂತುಬಿಡುತ್ತಾಳೆ. ಹನ್ನೊಂದಕ್ಕೆ ನನ್ನ ತಲೆ ಹಿಡಿಯುವವರು ಯಾರು? ನಮ್ಮವರ ಕೈ ನಡುಗುತ್ತದೆ. ಈ ವಯಸ್ಸಿನ ಗಂಡಸರಿಗೆ ಎದೆ ಹಿಡಿದುಕೊಳ್ಳುವುದು, ಬಿಡುವುದು, ಇದ್ದದ್ದೇ. ಕೀವು ಮೆದುಳಿಗೇರಿದರೆ ನಾನು ಉಳಿಯುವುದಿಲ್ಲ, ಇದನ್ನು ಬೆಕ್ತುರ್ ಬಾಯಿಬಿಟ್ಟೇ ಹೇಳಿದ್ದಾನೆ. ಹನ್ನೆರಡಕ್ಕೆ ನಾನೇ ಉಡುಗೊರೆ ಕಟ್ಟಿ ಕಳಿಸುತ್ತೇನೆ. ನಾಲ್ಕು ದಿನ. ನಾಲ್ಕು ದಿನದಲ್ಲಿ ಏನಾಗುತ್ತದೆ?

ನೀರು ಹೊತ್ತು ಬಂದಳು. ಕೈ ಕೆಂಪಗಾಗಿತ್ತು. ಯಾರಾದರೂ ಫೋನ್ ಮಾಡಿದ್ದರಾ ಅತ್ತೆ ಎಂದು ಪಿಸುಗುಟ್ಟಿದಳು. ದಿನವೂ ಕೇಳುವುದೇ. ನಾನು ದಿನದ ಹಾಗೆಯೇ ಇಲ್ಲವೆಂದು ತಲೆಯಾಡಿಸಿದೆ.

ಫೆಬ್ರವರಿ 10

ಅಣ್ಣ ಮತ್ತೆ ಫೋನ್ ಮಾಡಿದ. ಕಣಿವೆಯಲ್ಲಿ ಹಿಮ ಬಿದ್ದಿದೆ, ದಾರಿ ಕಟ್ಟಿದೆ ಎಂದೆ. ಹಿಮ ಬಿದ್ದದ್ದು ಸುಳ್ಳಲ್ಲ. ಬೆರಳು ಮುಳುಗುವಷ್ಟು ಬಿದ್ದಿದೆ.

ಫೆಬ್ರವರಿ 11

ಮುಗಿಯಿತು.

ರೌಝಾ ಡಾಕ್ಟರಿಗೆ ಎಪ್ಪತ್ತಾಗಿರಬೇಕು. ರೊಟ್ಟಿ ನಾದುವವಳ ತೋಳು. ನನ್ನ ಮಾತು ಮುಗಿಯುವವರೆಗೂ ಸುಮ್ಮನೆ ಕೇಳಿದಳು. ಎರಡು ನೋವು ಎಂದೆ. ಹೌದು, ಎರಡು, ನಾನು ಒಂದನ್ನು ಮಾತ್ರ ತೆಗೀಬಲ್ಲೆ ಎಂದಳು. ಆರು ವರ್ಷದಲ್ಲಿ ನನ್ನನ್ನು ಒಂದೇ ಸಲಕ್ಕೆ ನಂಬಿದವಳು ಇವಳೊಬ್ಬಳೇ. ನೋವಿಗಲ್ಲ, ಅದಕ್ಕೆ ಕಣ್ಣೀರು ಬಂತು.

ಮುಟ್ಟಿದರೆ ಹೊಡೆಯುವ ಜಾಗ ಬಿಟ್ಟು, ದವಡೆಯ ಹಿಂದಿನ ಮೂಲೆಯಲ್ಲಿ ಸೂಜಿ ಹಾಕಿದಳು. ಅದು ಒಳಗಿಳಿಯುವಾಗ ಬಂದ ಹೊಡೆತವನ್ನು ಬರೆಯಲಾರೆ. ಐಜಿರೆಕ್ ಹಿಂದೆ ನಿಂತು ನನ್ನ ತಲೆಯನ್ನು ತನ್ನ ಎದೆಗೆ ಒತ್ತಿ, ಒಂದು ಕೈ ಹಣೆಗೆ, ಒಂದು ಕೈ ಎಡದವಡೆಯ ಕೆಳಗೆ ಕೊಟ್ಟಿದ್ದಳು. ಹಲ್ಲಿನ ಬೇರು ಮಧ್ಯದಲ್ಲೇ ತುಂಡಾಯಿತು. ಮೂಳೆ ಕೊರೆದು ಚೂರುಚೂರಾಗಿ ತೆಗೆಯಬೇಕಾಯಿತು. ಒಂದು ಗಂಟೆ ಇಪ್ಪತ್ತು ನಿಮಿಷ.

"ಹುಡುಗಿ, ನೀನು ಬಿಟ್ಟರೆ ನಾನು ಕೊಯ್ಯೋದು ಬೇರೆ ಕಡೆ ಹೋಗತ್ತೆ," ಎಂದಳು ರೌಝಾ. ಐಜಿರೆಕ್ ಬಿಡಲಿಲ್ಲ. ಅವಳ ಮಣಿಕಟ್ಟಿನಲ್ಲಿ ನನ್ನ ಉಗುರು ಇಳಿದು ರಕ್ತ ಬಂದಿತ್ತು. ಎದ್ದ ಮೇಲೆ ನೋಡಿದೆ. ಅವಳು ಮೊದಲು ನನ್ನ ಬಾಯಿ ಒರೆಸಿ, ಶಾಲು ಸುತ್ತಿ, ಆಮೇಲೆ ತನ್ನ ಕೈ ತೊಳೆದುಕೊಂಡಳು.

ಬರುವಾಗ ಬಲಗೆನ್ನೆ ಇರಲೇ ಇಲ್ಲ. ಮರಗಟ್ಟಿ, ಯಾರದೋ ಕೆನ್ನೆಯ ಹಾಗೆ. ಬೆರಳಿನಿಂದ ತಟ್ಟಿದೆ. ಗಾಜಿಗೆ ಒರಗಿಸಿದೆ. ಏನೂ ಇಲ್ಲ.

ಫೆಬ್ರವರಿ 12

ಒಂದೂ ಇಲ್ಲ. ಸೂಜಿಯ ಮಂಪರು ಇಳಿದು ಬಹಳ ಹೊತ್ತಾಯಿತು. ಗಾಯ ಸ್ವಲ್ಪ ಜುಮುಜುಮು ಎನ್ನುತ್ತದೆ, ಅಷ್ಟೇ. ನರ ಹೊಡೆಯಲೇ ಇಲ್ಲ. ಕೆಲವರಿಗೆ ಸೂಜಿಯ ನಂತರ ನರವೂ ಕೆಲವು ದಿನ ಮಲಗಿಬಿಡುತ್ತದೆ ಎಂದು ರೌಝಾ ಹೇಳಿದ್ದಳು. ಎಬ್ಬಿಸಬಾರದೆಂದು ನಾನು ಕದಲದೆ ಕೂತಿದ್ದೇನೆ. ಇವತ್ತು ಐಜಿರೆಕ್‌ಗೆ ಅವಳಪ್ಪನ ಸುದ್ದಿ ಹೇಳಿದರೆ ಮನೆಯಲ್ಲಿ ಅಳು ಶುರುವಾಗುತ್ತದೆ.

ಫೆಬ್ರವರಿ 14

ಮೂರು ದಿನ, ಒಂದೂ ಇಲ್ಲ!

ಬೆಳಗ್ಗೆ ಮುಖ ತೊಳೆದುಕೊಂಡೆ. ಬಟ್ಟೆ ಅದ್ದಿ ಒರೆಸಿಕೊಂಡದ್ದಲ್ಲ, ಬೊಗಸೆಯಲ್ಲಿ ತಣ್ಣೀರು ಹಿಡಿದು ಎರಚಿಕೊಂಡೆ. ಅಂಗಳಕ್ಕೆ ಶಾಲಿಲ್ಲದೆ ಹೋಗಿ ನಿಂತೆ. ಗಾಳಿ ಗಾಳಿಯಾಗಿಯೇ ತಾಗಿತು. ನಮ್ಮವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮದುವೆಯಾದ ವರ್ಷದ ಹಾಗೆ ಕಾಣ್ತೀಯ ಎಂದರು, ಸುಳ್ಳುಗಾರ.

ಮಧ್ಯಾಹ್ನ ಫೋನು ಆರಿಸಿಡೋಣವೆಂದು ಕೈಗೆ ತೆಗೆದುಕೊಂಡಾಗಲೇ ಅದು ಹೊಡೆದುಕೊಂಡಿತು, ಬೆರಳು ತಾಗಿ ಕರೆ ತೆರೆದುಕೊಂಡಿತು. ಅಣ್ಣನಲ್ಲ. ಮುದುಕನೇ.

"ಐಜಿರೆಕ್, ನೀನಾ ಮಗಳೇ?"

ಆ ಲಾರಿಯ ಗಂಟಲು ಎಲ್ಲಿ ಹೋಯಿತೋ, ದಾರದಂಥ ದನಿ. ನಾನು ಮಾತಾಡಲಿಲ್ಲ. ಮಾತಾಡಿದರೆ ಅವಳನ್ನು ಕರೆಯಿರಿ ಎನ್ನುತ್ತಿದ್ದ. ಕತ್ತರಿಸಲೂ ಆಗಲಿಲ್ಲ, ಯಾಕೋ. ನನ್ನ ಉಸಿರು ಅವನಿಗೆ ಕೇಳಿಸಿರಬೇಕು.

"ಅಳ್ಬೇಡ ಕಣೇ. ದಾರಿ ಕಟ್ಟಿದೆ ಅಂತ ನಿಮ್ಮಣ್ಣ ಹೇಳ್ದ. ಬರೋಕಾಗ್ದಿದ್ರೆ ಪರವಾಗಿಲ್ಲ. ನಿಮ್ಮತ್ತೆಗೆ ಹುಷಾರಿಲ್ವಂತೆ, ಅವರನ್ನ ನೋಡ್ಕೋ. ನಿನ್ನ ಉಸಿರು ಕೇಳಿಸ್ತಲ್ಲ, ನಂಗಷ್ಟು ಸಾಕು."

ಆಮೇಲೆ ಫೋನು ಆರಿಸಿದೆ. ನಾಳೆ ಹೇಳುತ್ತೇನೆ. ಇವತ್ತು ಅವಳು ರೊಟ್ಟಿ ಸುಡುವ ದಿನ, ಹಿಟ್ಟು ಕಲೆಸಿ ಆಗಿದೆ.

ಫೆಬ್ರವರಿ 15

ಹೇಳಲಿಲ್ಲ. ಶಾರ್ಕಾನ್ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಮೆತ್ತಗೆ ಬೆಂದ ಮಾಂಸ, ಸಾರು, ನೂಡಲ್. ಎರಡು ತಟ್ಟೆ ತಿಂದೆ. ಆರು ವರ್ಷದ ನಂತರ ಊಟ ಎಂದರೆ ಏನೆಂದು ನೆನಪಾಯಿತು. ಎಲ್ಲರೂ ನನ್ನ ಮುಖ ನೋಡಿ ಸಂತೋಷಪಟ್ಟರು.

ಫೆಬ್ರವರಿ 17

ಬೆಳಗಿನ ಜಾವ ಬೀಗರು ತೀರಿಕೊಂಡರು.

ಅಣ್ಣ ನೇರವಾಗಿ ನಮ್ಮವರಿಗೆ ಫೋನ್ ಮಾಡಿ ತಿಳಿಸಿ, ತಂಗಿಯನ್ನು ಕರೆದೊಯ್ಯಲು ಕಾರು ತೆಗೆದುಕೊಂಡು ತಾನೇ ಬಂದ. ದಾರಿಯಲ್ಲಿ ಹಿಮ ಇರಲಿಲ್ಲ. ನಮ್ಮವರು ಊರಿನ ಇಬ್ಬರು ಹಿರಿಯರನ್ನು ಕೂರಿಸಿಕೊಂಡು, ಪದ್ಧತಿಯ ಪ್ರಕಾರ ಸುತ್ತು ಬಳಸಿ, ಹುಟ್ಟಿದವರೆಲ್ಲ ಹೋಗಲೇಬೇಕು ಎಂಬಲ್ಲಿಂದ ಶುರುಮಾಡಿ ಅವಳಿಗೆ ತಿಳಿಸಿದರು. ಅವಳು ಕೂಗಲಿಲ್ಲ. ಒಂದು ತಿಂಗಳಿಂದ ಕೂಗುವುದನ್ನು ಬಿಟ್ಟಿದ್ದಾಳೆ, ಮರೆತಿರಬೇಕು. ಅಪ್ಪ ಯಾವಾಗ ಮಲಗಿದರು ಎಂದು ಮೆಲ್ಲಗೆ ಕೇಳಿದಳು.

"ಹತ್ತು ದಿನ ಆಯ್ತಲ್ಲ," ಎಂದ ಅಣ್ಣ. "ಎರಡು ಸಲ ನಾನೇ ಫೋನ್ ಮಾಡಿದ್ದೆ. ನಿಮ್ಮತ್ತೆಗೆ ಹೇಳಿದ್ದೆ. ಮೊನ್ನೆ ಅಪ್ಪ ನಿನ್ನ ಜೊತೆ ಮಾತಾಡಿದ್ರಲ್ಲ?"

ಮನೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಹೇಳಬೇಕೆಂದೇ ಇದ್ದೆ, ಹಲ್ಲಿನದೊಂದು ಮುಗಿಯಲಿ ಎಂದುಕೊಂಡಿದ್ದೆ ಎಂದೆ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಐಜಿರೆಕ್ ನನ್ನನ್ನು ನೋಡಿದಳು. ಅವಳ ಮಣಿಕಟ್ಟಿನ ಗಾಯ ಇನ್ನೂ ಒಣಗಿರಲಿಲ್ಲ. ಕಪ್ಪು ವಸ್ತ್ರ ತಲೆಗೆ ಕಟ್ಟಿಕೊಂಡು, ಏನೂ ತೆಗೆದುಕೊಳ್ಳದೆ, ಅಣ್ಣನ ಕಾರು ಹತ್ತಿದಳು.

ಎಲ್ಲರೂ ಹೋದ ಮೇಲೆ ನಮ್ಮವರು ಒಳಗೆ ಬಂದರು. ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ಹೆಸರು ಹಿಡಿದು ಕರೆಯದವರು ಇವತ್ತು ಕರೆದರು.

"ನೋವು ಮುಖದಲ್ಲಿ ತಾನೇ ಇದ್ದದ್ದು, ಬುರ್ಮಕಾನ್?"

ಇದಕ್ಕೆ ಏನು ಅರ್ಥವೋ. ಅವರಿಗೆ ಒಂದು ದಿನ ಬರಲಿ, ಒಂದೇ ದಿನ.

ಫೆಬ್ರವರಿ 19

ನಿನ್ನೆ ಕೊಚ್ಕೊರ್‌ಗೆ ಹೋಗಿದ್ದೆವು. ಎರ್ಕಿನ್‌ಗೆ ಸುದ್ದಿ ಮುಟ್ಟಿಸಿ ಕರೆಸಿದ್ದೆವು. ಬೀಗರ ಮನೆಯಂಗಳದಲ್ಲಿ ಕಂಬಳಿಯ ಗುಡಾರ ಎಬ್ಬಿಸಿ ಹೆಣವನ್ನು ಒಳಗಿಟ್ಟಿದ್ದರು. ಗಂಡಸರು ಹೊರಗೆ ಕೋಲೂರಿ ಬಾಗಿ ನಿಂತು ಅಳುತ್ತಿದ್ದರು. ಒಳಗೆ ಮನೆಯ ಹೆಂಗಸರು ಗುಡಾರದ ಗೋಡೆಗೆ ಮುಖ ಮಾಡಿ ಕೂತು ಹಾಡಿ ಅಳುತ್ತಿದ್ದರು. ಅವರ ಮಧ್ಯೆ ಐಜಿರೆಕ್‌ಳ ಬೆನ್ನು ಕಾಣಿಸಿತು. ಅವಳ ದನಿ ಎಲ್ಲರದಕ್ಕಿಂತ ಮೇಲಿತ್ತು. ಅವಳಿಗೆ ಅಂಥ ಗಂಟಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಬೀಗಿತಿ ಬಂದಳು ಎಂದು ಹೆಂಗಸರು ಎದ್ದು ಬಂದರು. ಒಬ್ಬೊಬ್ಬರೂ ತಬ್ಬಿಕೊಂಡು, ಕೆನ್ನೆಗೆ ಕೆನ್ನೆ ಒತ್ತಿ ಅಳಬೇಕು, ಅದು ಕ್ರಮ. ಇಷ್ಟು ದಿನ ನಾನು ಯಾವ ಮನೆಗೆ ಹೋದರೂ ಐಜಿರೆಕ್ ಒಂದು ಹೆಜ್ಜೆ ಮುಂದೆ ಹೋಗಿ, ಅತ್ತೆಯ ಬಲಗೆನ್ನೆ ಮುಟ್ಟಬೇಡಿ ಎಂದು ಒಬ್ಬೊಬ್ಬರಿಗೂ ಹೇಳಿ ಬರುತ್ತಿದ್ದಳು. ನಿನ್ನೆ ನಾನೇ ಹೇಳಿಕೊಳ್ಳಬೇಕಿತ್ತು. ಏಳು ದಿನದಿಂದ ನೋವಿಲ್ಲದ ಧೈರ್ಯ, ಹೇಳಲಿಲ್ಲ.

ಮೊದಲ ಇಬ್ಬರಿಗೆ ಏನೂ ಆಗಲಿಲ್ಲ. ಮೂರನೆಯವಳು ಸತ್ತವನ ಅಕ್ಕ, ಮೂಳೆಮುದುಕಿ. ತನ್ನ ಒರಟು ಉಣ್ಣೆಯ ಶಾಲಿನ ಸಮೇತ ನನ್ನ ಬಲಗೆನ್ನೆಗೆ ಒತ್ತಿದಳು.

ಎದ್ದಿತು. ಏಳು ದಿನದ ಬಾಕಿಯನ್ನೆಲ್ಲ ಹೊತ್ತುಕೊಂಡು ಎದ್ದಿತು. ನಾನು ಕಿರುಚಿದೆ. ಅಂಥ ಸದ್ದು ನನ್ನೊಳಗಿಂದ ಯಾವತ್ತೂ ಬಂದಿರಲಿಲ್ಲ. ಮುದುಕಿ ಬಿಡಲಿಲ್ಲ, ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ಮೊಣಕಾಲೂರಿ ಬಿದ್ದೆ. ಉಳಿದವರೂ ಸುತ್ತ ಸೇರಿ, ಸಮಾಧಾನ ಮಾಡಲೆಂದು ಒಬ್ಬರಾದ ಮೇಲೊಬ್ಬರು ಕೆನ್ನೆಗೆ ಕೆನ್ನೆ ತಂದರು. ಒತ್ತಿದಷ್ಟೂ ಕಿರುಚಿದೆ, ಕಿರುಚಿದಷ್ಟೂ ಒತ್ತಿದರು. ಹೊರಗೆ ಗಂಡಸರ ಅಳು ನಿಂತುಹೋಗಿ ಎಲ್ಲರೂ ಕಿವಿಗೊಟ್ಟದ್ದು ನನಗೆ ತಿಳಿಯುತ್ತಿತ್ತು. ಎಂಥಾ ಬೀಗಿತಿ ನೋಡ್ರೇ, ಕರುಳು ಕಿತ್ತು ಬರೋ ಹಾಗೆ ಅಳ್ತಾಳೆ ಎಂದು ಯಾರೋ ಹೇಳಿದರು.

ಆಗ ಐಜಿರೆಕ್ ತಿರುಗಿದಳು. ಹಾಡು ನಿಲ್ಲಿಸಿ, ಗೋಡೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು. ಅದು ಎಂಥ ಕಿರುಚಾಟ ಎಂದು ಆ ಗುಡಾರದಲ್ಲಿ ತಿಳಿದವಳು ಅವಳೊಬ್ಬಳೇ. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಕೈ ಚಾಚಿದೆ. ಹತ್ತು ಎಣಿಸುವಷ್ಟು ಹೊತ್ತು ನೋಡಿದಳು. ಆಮೇಲೆ ಮತ್ತೆ ಗೋಡೆಗೆ ತಿರುಗಿ, ಬಿಟ್ಟಲ್ಲಿಂದಲೇ ಹಾಡು ಎತ್ತಿಕೊಂಡಳು.

ಹೊರಡುವ ಮೊದಲು ಕೈಗೆ ನೀರು ಹಾಕಲು ಅವಳೇ ಬಂದಳು. ಶಾಲು ಅಡ್ಡ ಹಿಡಿದುಕೊಂಡು, ನೀನು ನೋಡಿದೆಯಲ್ಲ ಎಂದು ಕೇಳಿದೆ.

"ನೋಡ್ದೆ ಅತ್ತೆ," ಎಂದಳು. ಪಿಸುಗುಟ್ಟಲಿಲ್ಲ. ತಂಬಿಗೆ ತೆಗೆದುಕೊಂಡು ಮುಂದಿನವರ ಬಳಿಗೆ ಹೋದಳು.

ಫೆಬ್ರವರಿ 27

ಮೂವತ್ತೊಂದು ಸಲ, ಇನ್ನೂ ಸಂಜೆಯಾಗಿಲ್ಲ.

ಅವಳು ಬರಲಿಲ್ಲ. ಸತ್ತ ನಲವತ್ತನೇ ದಿನದ ಊಟ ಮುಗಿಯುವವರೆಗೆ ಹೆಣ್ಣುಮಕ್ಕಳು ತವರಲ್ಲೇ ಇರುವುದುಂಟು ಎಂದು ಊರಿಗೆ ಹೇಳಿದ್ದೇವೆ. ಎರ್ಕಿನ್ ದೊಡ್ಡಿಗೆ ಹೋಗುವ ಬದಲು ಕೊಚ್ಕೊರ್‌ನಲ್ಲೇ ಉಳಿದಿದ್ದಾನೆ. ಅವಳ ಬಟ್ಟೆಬರೆಯನ್ನೂ ಫೋನನ್ನೂ ಯಾರ ಕೈಯಲ್ಲೋ ತರಿಸಿಕೊಂಡ, ತಾನು ಬರಲಿಲ್ಲ. ನಮ್ಮವರು ಸಾರು ಕಾಯಿಸಿ ಮುಂದಿಟ್ಟು ಕೊಟ್ಟಿಗೆಗೆ ಹೋಗುತ್ತಾರೆ. ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಬಟ್ಟಲು ಬಡಿದರೆ ಅವರಿಗೆ ಅರ್ಥವಾಗುವುದಿಲ್ಲ.

ಶಾರ್ಕಾನ್ ಬಂದಿದ್ದಳು. ಬೀಗರ ಹೆಣದ ಮುಂದೆ ನಾನು ಅತ್ತದ್ದನ್ನು ಕಣಿವೆಯುದ್ದಕ್ಕೂ ಜನ ಹೇಳಿಕೊಳ್ಳುತ್ತಿದ್ದಾರಂತೆ. ಈಗಿನ ಕಾಲದಲ್ಲಿ ಅಂಥ ಬೀಗಿತಿ ಎಲ್ಲಿ ಸಿಗುತ್ತಾಳೆ ಎಂದಳು. ನಾನು ಅಲ್ಲ ಎನ್ನಲಿಲ್ಲ.

ಆ ಹುಡುಗಿಯ ಮನಸ್ಸು ಇಷ್ಟು ಕಲ್ಲು ಎಂದು ಯಾರು ತಿಳಿದಿದ್ದರು? ತೆರೆದ ಕಣ್ಣಿನಿಂದ ನೋಡುತ್ತಾ ಕೂತಳಲ್ಲ. ನೋವೆಂದರೇನು ಎಂದು ಒಂದು ವರ್ಷ ಹತ್ತಿರದಿಂದ ನೋಡಿದವಳು.

ಎರ್ಕಿನ್ ಇವತ್ತು ಅಪ್ಪನಿಗೆ ಫೋನ್ ಮಾಡಿದ್ದ. ಐಜಿರೆಕ್ ಊಟ ಬಿಟ್ಟಿದ್ದಾಳಂತೆ. ಹದಿನಾಲ್ಕನೇ ತಾರೀಖು ಮಾವ ಫೋನಿನಲ್ಲಿ ಮಾತಾಡಿದ್ದು ಯಾರ ಜೊತೆಗೆ, ಏನು ಹೇಳಿದರು, ಅಮ್ಮನನ್ನು ಕೇಳಿ ಹೇಳಿ ಎಂದನಂತೆ. ಅದೊಂದನ್ನೇ ದಿನವೂ ಕೇಳುತ್ತಾಳಂತೆ. ನಮ್ಮವರು ಬಂದು ಮುಂದೆ ನಿಂತರು. ನಾನು ಬಲಗೆನ್ನೆಗೆ ಕೈ ಅಡ್ಡ ಹಿಡಿದು ಆಗದೆಂದು ತಲೆಯಾಡಿಸಿದೆ.

ಮುದುಕನ ಮಾತು ಒಂದೊಂದೂ ನನಗೆ ನೆನಪಿದೆ. ಮಾತ್ರೆಗೆ ಎಲ್ಲ ಮರೆಯುತ್ತದೆ, ಅದು ಮರೆತಿಲ್ಲ. ಗುಡಾರದಲ್ಲಿ ಅವಳು ಒಂದೇ ಒಂದು ಮಾತು ಆಡಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ. ಇನ್ನು ಹೇಳುವುದಿಲ್ಲ. ಬಾಯಿ ತೆರೆದರೆ ನನಗೇ ನೋವು.